ದಾರಿಬಿಟ್ಟಮ್ಮನ ಮೋರಿ

ದುರ್ಗದ ಸೀಮೆಯಲ್ಲಿ ಕರೇಗುಡ್ಡದ ಕಣಿವೆ ಇಳಿದು ಬಯಲಿಗೆ ಬರುವ ರಸ್ತೆ ಬೆಣಚನಹಳ್ಳಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ನೆತ್ತಿಯ ಮೇಲೆ ಎಂಬುದು ಬರಿಯ ಮಾತಲ್ಲ. ರಸ್ತೆ ಕೆರೆಯ ಏರಿಯಂತೆ ಎತ್ತರಕ್ಕಿದೆ. ಕೆಳಕೇರಿಯ ಮಾಳಿಗೆ ಮನೆಗಳು ಅದರ ಬುಡದಲ್ಲಿ ತಲೆ ತಗ್ಗಿಸಿ ಕುಳಿತಿವೆ. ರಸ್ತೆಯ ಗುಡ್ಡದ ಮಗ್ಗುಲಿಗೆ ಕಲ್ಲು ಕಟ್ಟಿದ ಚರಂಡಿಯೊಂದು ಉದ್ದಕ್ಕೂ ಬರುತ್ತದೆ. ಗುಡ್ಡದ ನೀರನ್ನೆಲ್ಲ ಹೊತ್ತು ತಂದು, ಊರಿನ ಎದುರಿಗೆ ಬಂದಾಗ ಅದು ತಿರುಗಿ ರಸ್ತೆಯ ಅಡಿಗೆ ಹೊಕ್ಕು, ಚಪ್ಪಡಿ ಹಾಸಿದ ಮೋರಿಯಲ್ಲಿ ಹಾದು, ಕೆಳಕೇರಿಯ ಕೊನೆಯ ಮನೆಯ ಪಕ್ಕದಲ್ಲಿ ಹೊರಬಿದ್ದು ಹಳ್ಳ ಸೇರುತ್ತದೆ. ಮೋರಿಯ ಮೇಲುಬಾಯಿಯ ಪಕ್ಕದಲ್ಲಿ ಕಲ್ಲಿನದೊಂದು ಗೂಡು ಇದೆ. ಗೂಡಿಗೆ ಕುಂಕುಮ ಹಚ್ಚಿದ್ದಾರೆ, ದೀಪವೂ ಉರಿಯುತ್ತದೆ, ಆದರೆ ಒಳಗೆ ದೇವರಿಲ್ಲ. ದೇವರು ಹೊರಗೆ, ಚರಂಡಿಯ ದಡದಲ್ಲಿ, ಬಿಸಿಲಲ್ಲಿ ನಿಂತಿದ್ದಾಳೆ. ಮೈಮೇಲೆ ಸೀರೆಯಿಲ್ಲ, ಹಾರವಿಲ್ಲ. ಕಾಲ ಮೇಲೆ ಒಣಗಿದ ಕೆಸರು. ಇದೇನು, ಗುಡಿ ಅಲ್ಲಿ ದೇವರು ಇಲ್ಲಿ, ಎಂದು ಹೊಸಬರು ಕೇಳುತ್ತಾರೆ. ಕೆಳಕೇರಿಯವರು ದೊಡ್ಡ ಉತ್ತರವನ್ನೇನೂ ಕೊಡುವುದಿಲ್ಲ. “ಎದ್ದು ದಾರಿ ಬಿಟ್ಟೋಳು ಕಣಪ್ಪ ಅವಳು” ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಕೆಳಕೇರಿಯ ಹಿರಿಯ ಹೆಂಗಸರು ಹೇಳುವ ಕಥೆಯನ್ನೇ ಇಲ್ಲಿ ಬರೆದಿದೆ. ದಿನ್ನೆಯ ಮೇಲಿರುವ ಮೇಲುಕೇರಿಯವರ ಹೇಳಿಕೆ ಬೇರೆಯಾದ ಕಡೆ ಅದನ್ನೂ ಸೂಚಿಸಿದೆ.

ಹಿಂದೆ ಒಮ್ಮೆ, ಪಾಳೇಗಾರರು ಆಳುತ್ತಿದ್ದ ಕಾಲದಲ್ಲಿ, ದವಸದ ಬಂಡಿಗಳು ಮಳೆಗಾಲದಲ್ಲೂ ಕೋಟೆ ಮುಟ್ಟಲಿ ಎಂದು ಈ ರಸ್ತೆಯನ್ನು ಕಟ್ಟಿಸಿದರಂತೆ. ಕಟ್ಟಿಸಿದವರು ಚರಂಡಿಯನ್ನು ಊರಿನ ಮನೆಗಳಿಗೆ ಪಾಲು ಹಾಕಿಕೊಟ್ಟಿದ್ದರು. ಎರಡು ಕಲ್ಲುಗಳ ನಡುವಿನದು ಒಂದು ಮನೆಯ ಪಾಲು. ಹೊಲದ ಬದುವಿನಂತೆ ಅದೂ ತಂದೆಯಿಂದ ಮಗನಿಗೆ ಬರುತ್ತಿತ್ತು. ಕೃತ್ತಿಕೆ ಮಳೆ ಕಳೆದು ರೋಹಿಣಿ ಹುಟ್ಟುವಷ್ಟರಲ್ಲಿ ಎಲ್ಲರೂ ತಮ್ಮತಮ್ಮ ಪಾಲಿನ ಹೂಳು ತೆಗೆದು ರಸ್ತೆಗೆ ಹಾಕಬೇಕು, ಜಾರಿದ ಕಲ್ಲನ್ನು ಕೂರಿಸಬೇಕು. ಕಡೆಗೆ ಮೋರಿಯೊಳಗಿನ ಹೂಳನ್ನೂ ಬಳಿದು ತೆಗೆದು ಪರೀಕ್ಷೆ ನೋಡುತ್ತಿದ್ದರು. ಒಬ್ಬಳು ಮುತ್ತೈದೆ ಮೇಲುಬಾಯಿಯಲ್ಲಿ ನಿಂತು ಒಂದು ಕೊಡ ನೀರಿನೊಂದಿಗೆ ತಂಗಡಿ ಹೂವಿನ ಗೊಂಚಲು ಬಿಡುತ್ತಿದ್ದಳು. ಊರೆಲ್ಲ ಕೆಳಬಾಯಿಯಲ್ಲಿ ಕಾದು ನಿಂತಿರುತ್ತಿತ್ತು. ಹಳದಿ ಹೂ ತೇಲಿ ಹೊರಗೆ ಬಂದರೆ ಮೋರಿ ಬಿಚ್ಚಿದೆ, ಆ ವರ್ಷಕ್ಕೆ ಭಯವಿಲ್ಲ. ಬರದಿದ್ದರೆ ಮತ್ತೆ ಗುದ್ದಲಿ ಹಿಡಿಯಬೇಕು. ಹೂ ಬಂದ ಮೇಲೇ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು ಎನ್ನುತ್ತಾರೆ.

ಹೀಗಿರುವಾಗ ಒಂದು ಬೇಸಿಗೆ ಕಣಿವೆಯಾಚೆಯ ಊರುಗಳಿಗೆ ವಾಂತಿಭೇದಿ ಬಿತ್ತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಹೆಣವಾಗುತ್ತಿದ್ದರು. ಹೂಳುವವರೂ ಉಳಿಯದ ಊರುಗಳಿದ್ದವಂತೆ. ಬೆಣಚನಹಳ್ಳಿಯವರು ದಾರಿದಾರಿಗೂ ಜಾಲಿಮುಳ್ಳು ಕಡಿದು ಹಾಕಿದರು, ನೆಂಟರನ್ನೂ ಊರಾಚೆಯಿಂದಲೇ ಹಿಂದಕ್ಕೆ ಕಳಿಸಿದರು. ಆದರೂ ಒಂದು ಬಾಗಿಲು ಉಳಿದಿತ್ತು. ಜಡ್ಡು ಮನುಷ್ಯರ ದಾರಿಯಲ್ಲಿ ಬರದಿದ್ದರೆ ನೀರಿನ ದಾರಿಯಲ್ಲಿ ಬರುತ್ತದೆ, ಗುಡ್ಡದಿಂದ ಇಳಿದು ಮೋರಿಯಲ್ಲಿ ನುಸುಳಿ ಊರು ಹೊಗುತ್ತದೆ ಎಂದು ಯಾರೋ ಅಂದರು. ಅಂದದ್ದೇ ತಡ, ಹಿರಿಯರು ಕೂಡಿ ಗುಡ್ಡದಿಂದ ಒಂದು ಅಮ್ಮನ ಕಲ್ಲನ್ನು ತಂದು ಮೋರಿಯ ಮೇಲುಬಾಯಿಗೆ ನಿಲ್ಲಿಸಿ, ಹಿಂದೆ ಚಪ್ಪಡಿ ಇಟ್ಟು ಬಾಯಿ ಮುಚ್ಚಿದರು. ಅವಳಿಗೆ ತಡೆಯಮ್ಮ ಎಂದು ಹೆಸರಿಟ್ಟರು. ಪೂಜೆ ಮಾಡಿದವಳು ಕೆಳಬಾಯಿಯ ಪಕ್ಕದ ಮನೆಯ ಸಿರಿಯಜ್ಜಿ. ಅಮ್ಮ ಅವಳ ಮೈದುಂಬಿದಳು. ಕೂದಲು ಬಿಚ್ಚಿ ಅವಳು ಆಡಿದ ಮಾತು ಈಗಲೂ ಊರಿನ ಬಾಯಲ್ಲಿದೆ: “ನಾನಿಲ್ಲಿ ಕುಂತೆ. ಜಡ್ಡು ಈ ಬಾಯಿ ದಾಟಾಕಿಲ್ಲ. ನನ್ನ ಅಲ್ಲಾಡಿಸಿದೋರ ತೊಟ್ಲು ತೂಗಾಕಿಲ್ಲ.” ಜಡ್ಡು ದಾಟಲಿಲ್ಲ. ಸುತ್ತಲ ಊರುಗಳು ಬರಿದಾದರೂ ಬೆಣಚನಹಳ್ಳಿಯಲ್ಲಿ ಒಬ್ಬರೂ ಸಾಯಲಿಲ್ಲ. ಮಾತಿನ ಮೊದಲ ಅರ್ಧ ನಿಜವಾದ ಮೇಲೆ ಉಳಿದರ್ಧವನ್ನು ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೆ ಬಂದೀತು?

ಸಿರಿಯಜ್ಜಿಯ ಸೊಸೆ ಗಾದ್ರವ್ವ. ಮದುವೆಯಾಗಿ ಬಂದ ಹೊಸದರಲ್ಲಿ, ಚೊಚ್ಚಲ ಗಂಡುಕೂಸು ತೊಟ್ಟಿಲಲ್ಲಿದ್ದಾಗ, ಒಂದು ದಿನ ಅತ್ತೆಯ ಬದಲು ದೀಪ ಹಚ್ಚಲು ಹೋದಳು. ಅಮ್ಮನ ಕಾಲಡಿ ಹಳೆಯ ಹಾರವೊಂದು ಕೊಳೆತು ನಾರುತ್ತಿತ್ತು. ಎಳೆದು ತೆಗೆದು ಹಾಕಿದಳು. ಹಾರದ ಜೊತೆಗೆ ಅಮ್ಮನೂ ಒಂದಿಷ್ಟು ಅಲುಗಿದಂತಾಯಿತು. ಆ ಮಳೆಗಾಲದಲ್ಲೇ ಕೂಸು ಜ್ವರ ಬಂದು ಹೋಯಿತು. ಕೂಸನ್ನು ಮಣ್ಣು ಮಾಡಿ ಬಂದ ಮೇಲೆ ಅತ್ತೆ ಅವಳ ಮುಖ ನೋಡಿ “ಮುಟ್ಟಿದ್ಯಾ?” ಎಂದಳು. ಗಾದ್ರವ್ವ ಹೌದೆಂದು ತಲೆಯಾಡಿಸಿದಳು. ಅಷ್ಟೇ. ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ, ಆದರೆ ಅದು ಗಾದ್ರವ್ವನ ಎದೆಯಿಂದ ಇಳಿಯಲೂ ಇಲ್ಲ. ಮುಂದೆ ಅವಳಿಗೆ ಉಳಿದದ್ದು ಮಾಳಮ್ಮನೆಂಬ ಒಬ್ಬಳೇ ಮಗಳು. ಅತ್ತೆ ಸತ್ತು, ಗಂಡ ಸತ್ತು, ಪೂಜೆ ಅವಳ ಪಾಲಿಗೆ ಬಂತು. ದಿನವೂ ದೀಪ ಇಡುವಳು, ಆದರೆ ತೋಳು ಚಾಚಿ ದೂರದಿಂದ ಇಡುವಳು. ಅಮ್ಮನ ಮುಖವನ್ನು ಅವಳು ಎಂದೂ ನೇರವಾಗಿ ನೋಡಿದವಳಲ್ಲ.

ಹರಕೆ ಹೊತ್ತವರು ಅಮ್ಮನಿಗೆ ಸೀರೆ ಉಡಿಸುತ್ತಿದ್ದರು. ಹಳೆಯ ಸೀರೆ ಬಿಚ್ಚಬೇಕಾದರೆ ಅಮ್ಮನನ್ನು ಅಲ್ಲಾಡಿಸಬೇಕಲ್ಲ. ಆದ್ದರಿಂದ ಅದರ ಮೇಲೇ ಹೊಸದನ್ನು ಸುತ್ತುತ್ತಿದ್ದರು. ಮಕ್ಕಳಾದವರು ಬೆತ್ತದ ತೊಟ್ಟಿಲು ತಂದಿಡುತ್ತಿದ್ದರು. ಬಳೆ, ತೆಂಗಿನ ಚಿಪ್ಪು, ದೀಪದ ಹಣತೆ, ಹೂವಿನ ಕೊಳೆ ಎಲ್ಲವೂ ಅಲ್ಲೇ ಬಿದ್ದು ಮೋರಿಯ ಬಾಯಿಗೆ ಗಾರೆ ಹಾಕಿದಂತಾಯಿತು. ವರ್ಷ ಕಳೆದಂತೆ ತಡೆಯಮ್ಮ ದೊಡ್ಡವಳಾದಳು. ಮೊದಲು ಮಂಡಿಯೆತ್ತರ, ಆಮೇಲೆ ಸೊಂಟದೆತ್ತರ, ಕಡೆಗೆ ಆಳೆತ್ತರ. ಅಮ್ಮ ಬೆಳೆಯುತ್ತಿದ್ದಾಳೆ ಎಂದು ಜನ ಇನ್ನಷ್ಟು ನಡುಗಿದರು. ನೀರು ಹರಿಯದ ಚರಂಡಿಯನ್ನು ಬಳಿಯುವುದೇಕೆಂದು ಮೇಲಿನ ಪಾಲುಗಳನ್ನು ಎಲ್ಲರೂ ಕೈಬಿಟ್ಟರು. ಪಾಲಿನ ಕಲ್ಲುಗಳು ಹೂಳಿನಲ್ಲಿ ಹೂತವು. ಹೂವಿನ ಪರೀಕ್ಷೆ ನಿಂತಿತು. ನಿಂತ ನೀರು ರಸ್ತೆಗೆ ಒರಗಿ ಮಡುವಾಯಿತು, ಜೊಂಡು ಬೆಳೆಯಿತು. ಆ ಹೊಲಸು ನೀರು ಕೆಳಕೇರಿಯ ಬಾವಿಗೆ ಬಸಿಯುತ್ತಿರಬಹುದೆಂದಾಗಲಿ, ಮಕ್ಕಳ ಜ್ವರ ಅಲ್ಲಿಂದ ಬರುತ್ತಿರಬಹುದೆಂದಾಗಲಿ ಯಾರೂ ಎಣಿಸಲಿಲ್ಲ. ಜ್ವರ ಬಂದಾಗಲೆಲ್ಲ ಅಮ್ಮನಿಗೆ ಇನ್ನೊಂದು ಸೀರೆ.

ಗಾದ್ರವ್ವ ಮಾತ್ರ ಕೆಳಬಾಯಿಯಿಂದ ಹಳ್ಳದವರೆಗಿನ ತನ್ನ ಪಾಲನ್ನು ಬಿಡಲಿಲ್ಲ. ಮೇಲುಬಾಯಿ ದೇವರದು, ಕೆಳಬಾಯಿ ತನ್ನ ಮನೆಯದು. ಗಂಡ ಸಾಯುವಾಗ ಹೂಳೆತ್ತುವ ಸನಿಕೆಯನ್ನು ಅವಳ ಕೈಗೆ ಕೊಟ್ಟು ಹೋಗಿದ್ದ. ರೋಹಿಣಿಗೆ ಮೊದಲು ಅವಳು ಒಬ್ಬಳೇ ಮಂಕರಿ ಹಿಡಿದು ಇಳಿದಾಗ ಮೇಲುಕೇರಿಯ ತಿಮ್ಮಣ್ಣ ರಸ್ತೆಯ ಮೇಲಿಂದ ಕೂಗುತ್ತಿದ್ದ: “ನೀರೇ ಬರ್ದಿರೋ ಚರಂಡೀನ ಬಳ್ದು ಬಳ್ದು ನಿನ್ನ ತಲೇಗೂ ಹೂಳು ತುಂಬೈತೆ ಕಣವ್ವ!” ಅವಳು ತಲೆಯೆತ್ತದೆ “ತುಂಬ್ಲಿ ಬಿಡಪ್ಪ, ನಿನ್ನ ಪಾಲಿನಾಗೆ ಹಂದಿ ಮರಿ ಹಾಕೈತೆ, ಹೋಗಿ ಬಾಣಂತನ ಮಾಡು” ಎನ್ನುತ್ತಿದ್ದಳು.

ಆ ವರ್ಷ ಮಾಳಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗಳು ಬಂದ ಸಂತೋಷವನ್ನು ಗಾದ್ರವ್ವ ಅನುಭವಿಸಲಾಗಲಿಲ್ಲ, ಏಕೆಂದರೆ ಮನೆ ಅವಳಿಗೆ ಬೇರೆಯೇ ಸುದ್ದಿ ಹೇಳತೊಡಗಿತ್ತು. ಒಣ ಬಿಸಿಲಿನ ದಿನವೂ ರಸ್ತೆಯ ಕಡೆಯ ಗೋಡೆ ಬೆವರುತ್ತಿತ್ತು. ಒಲೆಯ ಬೂದಿ ಬೆಳಗಾಗುವಷ್ಟರಲ್ಲಿ ಮುದ್ದೆಯಾಗುತ್ತಿತ್ತು. ರಾಗಿ ತೆಗೆಯೋಣವೆಂದು ಹಗೇವು ಬಿಚ್ಚಿಸಿದರೆ ನೆಲದೊಳಗಿನ ಕಾಳೆಲ್ಲ ಮೊಳೆತು, ಕೊಳೆತು, ಮುಟ್ಟಿದರೆ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿ ಮಾಳಿಗೆಗೆ ಹೋದವು. ಒಂದು ಮಧ್ಯಾಹ್ನ ಮಗಳ ಹಾಸಿಗೆ ಸರಿಪಡಿಸುವಾಗ ಗಾದ್ರವ್ವ ಗೋಡೆಗೆ ಕಿವಿ ಇಟ್ಟಳು. ಒಳಗೆ ಯಾರೋ ನಿಧಾನವಾಗಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರುವ ಸದ್ದು. “ಏನವ್ವ ಅದು?” ಎಂದಳು ಮಾಳಮ್ಮ. “ಏನಿಲ್ಲ ಮಗ, ಇಲಿ” ಎಂದಳು. ಇಲಿಗಳು ಅಂದಿಗೆ ಎಷ್ಟೋ ಮೊದಲೇ ಆ ಮನೆ ಬಿಟ್ಟು ಹೋಗಿದ್ದವು.

ಅವಳು ಊರಗೌಡ ಹಿರಿಯಣ್ಣನ ಚಾವಡಿಗೆ ಹೋದಳು. ರಸ್ತೆ ನೀರು ಕುಡಿದು ಮೆತ್ತಗಾಗಿದೆ, ಒಂದು ದೊಡ್ಡ ಮಳೆ ಬಂದರೆ ಒಡೆದು ಕೆಳಕೇರಿಯ ಮೇಲೆ ಬೀಳುತ್ತದೆ, ಮೋರಿ ಬಿಚ್ಚಬೇಕು ಎಂದಳು. ಗೌಡ ಕೆಟ್ಟ ಮನುಷ್ಯನಲ್ಲ. “ಗಾದ್ರವ್ವ, ನನ್ನ ಮೊಮ್ಮಗ ತೊಟ್ಲಾಗವ್ನೆ. ಬಾಯಿಬಿಟ್ಟು ‘ಬಿಚ್ಚಿ’ ಅಂದ್ರೆ ನಾನೇ ಕೈ ಹಾಕ್ದಂಗೆ. ಪೂಜೆ ಮಾಡೋಳು ನೀನು. ನಿನಗೇ ಭಯ ಇಲ್ವಾ?” ಎಂದ. “ನನಗಿರೋ ಭಯ ಈ ಊರಾಗೆ ಯಾರಿಗೂ ಇಲ್ಲ ಗೌಡ್ರೇ” ಎಂದಳು. ಆಗ ಯಾರೋ ಒಂಟಿ ಈರಣ್ಣನ ಕಡೆ ಬೆರಳು ತೋರಿಸಿದರು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ತೊಟ್ಟಿಲೂ ಇಲ್ಲ. “ನಾನೇನು ಮುದುಕನಾ? ನಾಳೆ ಮದುವೆ ಆಗ್ಬಾರ್ದಾ?” ಎಂದು ಈರಣ್ಣ ಸಿಡುಕಿದ. ಚಾವಡಿ ನಕ್ಕಿತು. ನಗೆಗೆ ನಾಚಿ ಅವನು ಉದ್ದನೆಯ ಗಳ ತಂದು, ರಸ್ತೆಯ ಮೇಲೇ ನಿಂತು, ಅಮ್ಮನನ್ನು ಮುಟ್ಟದೆ ಪಕ್ಕದ ಹೂಳನ್ನು ತಿವಿದ. ಗಳ ಇಳಿದಲ್ಲಿಂದ ಗುಳುಗುಳು ಎಂದು ಗಾಳಿ ಎದ್ದು, ಆಮೇಲೆ ನೆಲದೊಳಗಿಂದ ಉದ್ದನೆಯ ನರಳಿಕೆಯೊಂದು ಬಂತು. ಹೆರುವ ಹೆಂಗಸಿನ ನರಳಿಕೆ ಎಂದು ಕೇಳಿದವರೆಲ್ಲ ಹೇಳಿದರು. ಈರಣ್ಣ ಗಳ ಬಿಟ್ಟು ಓಡಿದ. ಆ ಗಳ ಅಲ್ಲೇ ನಿಂತಿತು. ಮೋರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನರಳಿಕೆ ಕೇಳಿದ ಗಾದ್ರವ್ವ ಮಗಳ ಹೊಟ್ಟೆ ನೋಡಿದಳು, ಗೋಡೆ ನೋಡಿದಳು. ಅಂದಿನಿಂದ ಅವಳು ಕೂತು ಉಣ್ಣಲಿಲ್ಲ.

ಚಿತ್ತೆ ಮಳೆಗೆ ಕಣ್ಣಿಲ್ಲ ಎನ್ನುತ್ತಾರೆ. ಎಲ್ಲಿ ಹುಯ್ಯಬೇಕು, ಎಷ್ಟು ಹುಯ್ಯಬೇಕು ಎಂಬುದು ಅದಕ್ಕೆ ತಿಳಿಯದು. ಆ ಸಲ ಅದು ಕರೇಗುಡ್ಡದ ಮೇಲೆ ಕೂತೇಬಿಟ್ಟಿತು. ಮಧ್ಯಾಹ್ನಕ್ಕೇ ಕತ್ತಲೆ ಕವಿಯಿತು. ಗುಡ್ಡದ ಕೆಂಪುನೀರೆಲ್ಲ ಇಳಿದು, ಹೋಗಲು ದಾರಿಯಿಲ್ಲದೆ, ರಸ್ತೆಯ ಹಿಂದೆ ಏರತೊಡಗಿತು. ಅದೇ ಹೊತ್ತಿಗೆ ಮಾಳಮ್ಮನಿಗೆ ನೋವು ಕಾಣಿಸಿತು. ಸೂಲಗಿತ್ತಿ ಹನುಮಕ್ಕ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ತಿರುಗಿದೆ ಎಂದಳು. “ಮೇಲುಕೇರಿಗೆ ಎತ್ಕೊಂಡು ಹೋಗಾನ” ಎಂದಳು ಗಾದ್ರವ್ವ. “ಈಗ ಎತ್ತಿದ್ರೆ ತಾಯೀನೂ ಇಲ್ಲ, ಕೂಸೂ ಇಲ್ಲ. ಇಲ್ಲೇ ತಿರುಗಿಸ್ಬೇಕು. ನೀನು ಬೆಳಕು ಹಿಡಿ” ಎಂದಳು ಹನುಮಕ್ಕ. ಗಾದ್ರವ್ವ ದೀಪ ಹಿಡಿದಳು. ದೀಪದ ಬೆಳಕು ಗೋಡೆಯ ಮೇಲೆ ಬಿತ್ತು. ಬೆವರುತ್ತಿದ್ದ ಗೋಡೆ ಈಗ ಬೆರಳಗಲ ಬಾಯಿ ಬಿಟ್ಟಿತ್ತು. ಅಲ್ಲಿಂದ ತೆಳ್ಳಗೆ, ಸದ್ದಿಲ್ಲದೆ, ಕೆಸರುನೀರು ಇಳಿದು ಮಗಳ ಹಾಸಿಗೆಯ ಕಡೆಗೆ ಬರುತ್ತಿತ್ತು.

ದೀಪವನ್ನು ನೆಲುವಿಗೆ ಸಿಕ್ಕಿಸಿ ಅವಳು ಎದ್ದಳು. ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕೆಳಕೇರಿಯ ಹೆಂಗಸರು ತಾವೇ ಕಂಡಂತೆ ಹೇಳುತ್ತಾರೆ. ಸುಮ್ಮನಿದ್ದರೆ ನೀರು ಕೂಸನ್ನು ಒಯ್ಯುತ್ತದೆ. ಕೈ ಹಾಕಿದರೆ ಅಮ್ಮ ಒಯ್ಯುತ್ತಾಳೆ. ಒಂದು ಕೂಸನ್ನು ಒಯ್ದ ಕೈ ಅದು, ಅವಳು ಬಲ್ಲಳು. ಆದರೆ ಹೆಣ್ಣುಮಕ್ಕಳನ್ನು ಎಬ್ಬಿಸಿ ಕರೆದೊಯ್ಯಲು ಒಂದು ರೀತಿಯಿದೆ. ಅತ್ತೆಮನೆಯಲ್ಲಿ ಕೂತವಳನ್ನು ಕೈಹಿಡಿದು ಎಳೆದರೆ ಜಗಳ. ಉಡಿ ತುಂಬಿ ತವರಿಗೆ ಬಾ ಎಂದು ಕರೆದರೆ ಎಂಥ ಗಟ್ಟಿಗಿತ್ತಿಯೂ ಏಳುತ್ತಾಳೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಲೆಂದು ಎತ್ತಿಟ್ಟಿದ್ದ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆಯನ್ನು ಮೊರಕ್ಕೆ ಸುರುವಿಕೊಂಡು, ಸೆರಗು ಮುಚ್ಚಿ, ಅವಳು ಮಳೆಯಲ್ಲಿ ರಸ್ತೆ ಹತ್ತಿದಳು. ಈ ಉಪಾಯವನ್ನು ಅಮ್ಮ ಒಪ್ಪುವಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮೊರದ ಅಕ್ಕಿ ದಾರಿಯುದ್ದಕ್ಕೂ ಚೆಲ್ಲಿತು.

ರಸ್ತೆಯ ಮೇಲೆ ಊರ ಗಂಡಸರೆಲ್ಲ ಸೇರಿದ್ದರು. ಮಡುವಿನ ನೀರು ರಸ್ತೆಯ ಅಂಚಿಗೆ ಬಂದಿತ್ತು. ಅವರು ಅಂಚಿನ ಮೇಲೆ ಮಣ್ಣು ಸುರಿದು, ಮುಳ್ಳು ಒತ್ತಿ, ಇನ್ನೂ ಎತ್ತರಿಸುತ್ತಿದ್ದರು. ಎತ್ತರಿಸಿದಷ್ಟೂ ನೀರು ಏರುತ್ತಿತ್ತು. ಕಾಲ ಕೆಳಗೆ ರಸ್ತೆ ಹಸಿ ಹಿಟ್ಟಿನಂತೆ ಅದುರುತ್ತಿತ್ತು. ಗಾದ್ರವ್ವ ಯಾರ ಕಡೆಯೂ ನೋಡದೆ ಮಡುವಿಗೆ ಇಳಿದಳು. ನೀರು ಎದೆಗೆ ಬಂತು. “ಮುಟ್ಬ್ಯಾಡ ಗಾದ್ರವ್ವ! ನಿನ್ನ ಮಗಳ ಹೊಟ್ಟೆ ನೆನೆಸ್ಕ!” ಎಂದು ಗೌಡ ಕೂಗಿದ. “ಅದನ್ನೇ ನೆನೆಸ್ಕೊಂಡು ಇಳ್ದೀನಿ!” ಎಂದಳು. ಅಮ್ಮ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿದ್ದಳು. ಕೆಂಪು, ಕಪ್ಪು, ಆಳೆತ್ತರದ ರಾಶಿ. ಗಾದ್ರವ್ವ ಮೊರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೇಲಿದ್ದವರಿಗೆ ಅವಳ ದನಿ ಮಳೆಯಲ್ಲಿ ತುಂಡು ತುಂಡಾಗಿ ಕೇಳಿಸಿತಂತೆ: “ಅವ್ವಾ, ನಿನ್ನ ಅಲ್ಲಾಡ್ಸಾಕೆ ಬಂದಿಲ್ಲ, ಕರಿಯಾಕೆ ಬಂದೀನಿ. ಎಷ್ಟು ವರ್ಸ ಒಂದೇ ಕಡೆ ಕುಂತಿ, ಕಾಲು ಜೋಮು ಹಿಡ್ದಿರ್ತಾವೆ. ಜಡ್ಡು ಹೋಗಿ ಬಾಳ ದಿನ ಆತು. ತವರಿಗೆ ಬಾ. ಮನೇಲಿ ಹೆರಿಗೆ ಐತೆ, ಹೆಣ್ಣುಮಕ್ಕಳು ಬೇಕು. ಎದ್ದು ಬಾ ನನ್ನವ್ವಾ.” ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನು ಅಮ್ಮನ ಮಡಿಲಿಗೆ ಸುರಿದಳು. ಮೊರವನ್ನು ನೀರು ಒಯ್ಯಿತು. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು.

ಕೈಗೆ ಸಿಕ್ಕಿದ್ದು ಬಟ್ಟೆ. ಎತ್ತಲು ನೋಡಿದರೆ ಅಮ್ಮ ಮಿಸುಕಲಿಲ್ಲ. ಸೀರೆ ಬಿಚ್ಚಿದಳು. ಅದರ ಕೆಳಗೆ ಇನ್ನೊಂದು ಸೀರೆ. ಅದರ ಕೆಳಗೆ ಮತ್ತೊಂದು. ಮೇಲಿನವು ಇನ್ನೂ ಗಟ್ಟಿಯಾಗಿದ್ದವು. ಗೌಡನ ಹೆಂಡತಿಯ ಹರಕೆಯ ಸೀರೆ ಅವಳ ಕೈಗೆ ಗುರುತಾಯಿತು. ತನ್ನ ಕೂಸು ಸತ್ತ ವರ್ಷ ತಾನೇ ತಪ್ಪುಕಾಣಿಕೆ ಎಂದು ಉಡಿಸಿದ್ದೂ ಬಂತು. ಅದರ ಒಳಗಿನವು ಹಿಡಿದರೆ ಕೈಯಲ್ಲೇ ಕರಗಿದವು. ಸುಲಿದಷ್ಟೂ ಅಮ್ಮ ಸಣ್ಣವಳಾಗುತ್ತ ಹೋದಳು. ಸೊಂಟದೆತ್ತರ, ಮಂಡಿಯೆತ್ತರ. ಕಡೆಯ ಪದರ ಜಾರಿ ಬೆರಳಿಗೆ ತಣ್ಣನೆಯ ಕಲ್ಲು ತಾಗಿದಾಗ ಗಾದ್ರವ್ವ ಬಗ್ಗಿ ಅದನ್ನು ನೀರಿನ ಮೇಲಕ್ಕೆತ್ತಿ ಕಣ್ಣು ಬಿಟ್ಟಳು. ಅಮ್ಮ ಆಗತಾನೇ ಹುಟ್ಟಿದ ಕೂಸಿನಷ್ಟಿದ್ದಳು. ಕೊರೆದವನು ಯಾರೋ, ಎರಡು ಕಣ್ಣುಗಳ ಹೊರತು ಬೇರೇನೂ ಕೊರೆದಿರಲಿಲ್ಲ. ಕೋರೆಹಲ್ಲಿಲ್ಲ, ನಾಲಿಗೆಯಿಲ್ಲ, ಬಾಯಿಯೇ ಇಲ್ಲ. ಗಾದ್ರವ್ವ ಅವಳನ್ನು, ಮಕ್ಕಳನ್ನು ಎತ್ತಿಕೊಳ್ಳುವಂತೆಯೇ, ಸೊಂಟಕ್ಕೆ ಇಟ್ಟುಕೊಂಡಳು.

“ಅಮ್ಮ ದಾರಿ ಬಿಟ್ಲು! ಅಮ್ಮ ದಾರಿ ಬಿಟ್ಲು!” ಎಂದು ರಸ್ತೆಯ ಮೇಲಿಂದ ಕೂಗು ಎದ್ದಿತು. ಮೊದಲು ಕೂಗಿದವನು ತಿಮ್ಮಣ್ಣನೆಂದು ಕೆಳಕೇರಿಯವರೂ, ಗೌಡನೆಂದು ಮೇಲುಕೇರಿಯವರೂ ಹೇಳುತ್ತಾರೆ. ಯಾರಾದರೇನು, ಅಮ್ಮ ಎದ್ದಳು ಎಂದಾದ ಮೇಲೆ ಗಂಡಸರ ಕೈಗೆ ಬಲ ಬಂತು. ಒಂಟಿ ಈರಣ್ಣನೇ ಮೊದಲು ಹಾರೆ ಹಿಡಿದು ದುಮುಕಿದ. ತೊಟ್ಟಿಲುಗಳ ಬೆತ್ತ ಬೇರಿನಂತೆ ಹೆಣೆದುಕೊಂಡಿತ್ತು; ಕಡಿದರು, ಜಗ್ಗಿದರು. ಹಿಂದಿನ ಚಪ್ಪಡಿಗೆ ಹಾರೆ ಹಾಕಿ ಮೀಟಿದರು. ಚಪ್ಪಡಿ ಸರಿದದ್ದೇ ಮಡುವಿನ ನಡುವೆ ಸುಳಿ ಎದ್ದು, ಗುಡುಗು ನೆಲದೊಳಗೆ ಉರುಳಿದಂತೆ ಸದ್ದಾಗಿ, ನೀರು ಒಳಗೆ ನುಗ್ಗಿತು. ಈರಣ್ಣನ ಕಾಲು ಸೆಳೆತಕ್ಕೆ ಸಿಕ್ಕಿತು. ಹಿಂದೊಮ್ಮೆ ಅವನು ಬಿಟ್ಟು ಓಡಿದ್ದ ಗಳವನ್ನೇ ತಬ್ಬಿಕೊಂಡು ಬದುಕಿದ ಎನ್ನುತ್ತಾರೆ.

ಕೆಳಬಾಯಿ ಕಪ್ಪು ನೀರನ್ನು ಉಗುಳಿತು. ಬಳೆಚೂರು, ಚಿಪ್ಪು, ಹಣತೆ, ಹರಕು ಬಟ್ಟೆ, ಮುರಿದ ತೊಟ್ಟಿಲು, ಊರಿನ ಅಷ್ಟೂ ವರ್ಷದ ಹೆದರಿಕೆ ಅದರಲ್ಲಿ ಬಂತು. ಗಾದ್ರವ್ವ ಅಮ್ಮನನ್ನು ಎತ್ತಿಕೊಂಡೇ ಓಡಿ ಬಂದಳು. ಅವಳು ಒಬ್ಬಳೇ ಬಳಿದು ಇಟ್ಟಿದ್ದ ಚರಂಡಿ ಆ ನೀರನ್ನು ಹಿಡಿದಿತ್ತು. ದಡ ತುಂಬಿ, ಮನೆಯ ಹೊಸಲಿಗೆ ನಾಲಗೆ ಚಾಚಿ, ಹಳ್ಳಕ್ಕೆ ಹೋಗುತ್ತಿತ್ತು. ಮನೆ ನಿಂತಿತ್ತು. ಬಾಗಿಲು ಮುಚ್ಚಿತ್ತು. ಆದರೆ ಅಲ್ಲಿಂದ ಮುಂದಕ್ಕೆ ಅವಳ ಕಾಲು ಏಳಲಿಲ್ಲ. ಬಾಗಿಲು ತೆರೆದರೆ ಅಮ್ಮನ ತೀರ್ಪು ಗೊತ್ತಾಗಿಬಿಡುತ್ತದೆ. ಚರಂಡಿಯ ದಡದಲ್ಲಿ, ಮಳೆಯಲ್ಲಿ, ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ನೀರಿನ ಅಬ್ಬರದಲ್ಲಿ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಮನೆಯೊಳಗಿಂದ ಒಂದು ಅಳು ಬರಬೇಕಿತ್ತು, ಬರಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಇಳಿದು ಬಂದು ದೂರದಲ್ಲಿ ನಿಂತರು. ಅವಳ ಹತ್ತಿರಕ್ಕೆ ಯಾರೂ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಹನುಮಕ್ಕ ಮೊಳಕೈವರೆಗೆ ರಕ್ತವಾದ ಕೈಯನ್ನು ಮಳೆಗೆ ಒಡ್ಡಿ ತೊಳೆದುಕೊಳ್ಳುತ್ತ “ಅಲ್ಲೇನು ಕುಂತಿದ್ದಿಯಾ, ಒಳಗೆ ಬಾ” ಎಂದಳು.

“ಮೊದ್ಲು ಹೇಳು.”

“ಹೆಣ್ಣು.”

“ಉಸಿರೈತಾ?”

“ಉಸಿರಾ? ಆಗ್ಲಿಂದ ಕಿವಿ ಹರಿಯಂಗೆ ಅಳ್ತೈತಲ್ಲೇ! ಈ ನೀರಿನ ಸದ್ದಿನಾಗೆ ನಿಂಗೆ ಕೇಳಿಲ್ಲ ಅಷ್ಟೇ.”

ಗಾದ್ರವ್ವ ಒಳಗೆ ಹೋದಳು. ಹೋಗುವಾಗ ಅಮ್ಮನನ್ನೂ ಎತ್ತಿಕೊಂಡೇ ಹೋದಳು. ತವರಿಗೆ ಕರೆದವಳನ್ನು ಮಳೆಯಲ್ಲಿ ಬಿಡುವಂತಿಲ್ಲ. ಬಾಣಂತನ ಮುಗಿಯುವವರೆಗೆ ಆ ಮನೆಯಲ್ಲಿ ತೊಟ್ಟಿಲಲ್ಲೊಂದು ಕೂಸು, ಮೂಲೆಯಲ್ಲೊಂದು ಕಲ್ಲು ಇದ್ದವು. ಕೂಸು ಸೀನಿದರೂ ಗಾದ್ರವ್ವ ಮೂಲೆಯ ಕಡೆ ನೋಡುತ್ತಿದ್ದಳಂತೆ. ಆ ಮೊಮ್ಮಗಳು ದೊಡ್ಡವಳಾಗಿ ಮಕ್ಕಳ ತಾಯಿಯಾದ ಮೇಲೂ ಅಜ್ಜಿ ಹಾಗೆ ನೋಡುವುದನ್ನು ಬಿಡಲಿಲ್ಲ ಎನ್ನುತ್ತಾರೆ. ಅಮ್ಮನನ್ನು ಮರಳಿ ಕೂರಿಸುವಾಗ ಮೇಲುಕೇರಿಯವರು ಮೋರಿಯ ಪಕ್ಕದಲ್ಲಿ ಕಲ್ಲಿನ ಗೂಡು ಕಟ್ಟಿಸಿದರು. ಗಾದ್ರವ್ವ ಒಪ್ಪಲಿಲ್ಲ. ಗೂಡಿನೊಳಗೆ ಇಟ್ಟರೆ ಮತ್ತೆ ಸೀರೆ ಸುತ್ತುತ್ತೀರಿ, ಮತ್ತೆ ದೊಡ್ಡವಳಾಗುತ್ತಾಳೆ ಎಂದು, ದಡದ ಮೇಲೆ, ಬರಿಮೈಯಲ್ಲಿ, ಮೋರಿಯ ಬಾಯಿ ಕಾಣುವಂತೆ ನಿಲ್ಲಿಸಿದಳು. ತಡೆಯಮ್ಮನೆಂಬ ಹೆಸರು ಅಂದಿಗೆ ಅಳಿಯಿತು. ದಾರಿಬಿಟ್ಟಮ್ಮ ಎಂದು ಕರೆದರು. ಮೋರಿಗೂ ಅದೇ ಹೆಸರಾಯಿತು.

ಈಗ ರಸ್ತೆಗೆ ಡಾಂಬರು ಬಿದ್ದಿದೆ, ಪಾಲಿನ ಕಲ್ಲುಗಳಿಗೆ ಸುಣ್ಣ ಬಳಿದಿದ್ದಾರೆ. ದಾರಿಬಿಟ್ಟಮ್ಮನಿಗೆ ಕಾಯಿ ಒಡೆಯುವಂತಿಲ್ಲ, ಸೀರೆ ಉಡಿಸುವಂತಿಲ್ಲ. ಹರಕೆ ಹೊತ್ತವರು ಚರಂಡಿಗೆ ಇಳಿದು ಒಂದು ಮಂಕರಿ ಹೂಳು ತೆಗೆದು ಅವಳ ಕಾಲಿಗೆ ಸುರಿಯಬೇಕು. ಅವಳ ಕಾಲ ಮೇಲಿನ ಕೆಸರು ಅದೇ. ರೋಹಿಣಿಗೆ ಮೊದಲು ಊರು ಸೇರಿ ಮೋರಿ ಬಳಿಯುತ್ತದೆ. ಹಿರಿಯ ಮುತ್ತೈದೆ ಮೇಲುಬಾಯಿಯಲ್ಲಿ ತಂಗಡಿ ಹೂ ಬಿಡುತ್ತಾಳೆ. ಹೂ ರಸ್ತೆಯ ಅಡಿ ಇರುವಷ್ಟು ಹೊತ್ತು ಕೆಳಬಾಯಿಯಲ್ಲಿ ನಿಂತವರು ಯಾರೂ ಮಾತಾಡುವುದಿಲ್ಲ. ಬಸ್ಸಿನವನೂ ಗಾಡಿ ನಿಲ್ಲಿಸಿ ಇಂಜಿನ್ ಆರಿಸುತ್ತಾನೆ. ಹಸುಗೂಸು ಎತ್ತಿಕೊಂಡ ತಾಯಂದಿರು ಅರಿವಿಲ್ಲದೆ ಕೂಸನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಕತ್ತಲ ಬಾಯಿಯಿಂದ ಹಳದಿ ಹೂ ತೇಲಿ ಬರುತ್ತದೆ. ಹೊಸಬರು ದಡದ ಮೇಲಿನ ಕಲ್ಲನ್ನು ಬಗ್ಗಿ ನೋಡಿ, ಇಷ್ಟು ದೊಡ್ಡ ಹೆಸರಿಗೆ ಇಷ್ಟು ಚಿಕ್ಕ ದೇವರೇ, ಎಂದು ಬೆರಗಾಗುತ್ತಾರೆ. ಕೆಳಕೇರಿಯ ಹೆಂಗಸರು ಕೈಯ ಕೆಸರು ತೊಳೆದುಕೊಳ್ಳುತ್ತ ಹೇಳುತ್ತಾರೆ: “ಇವಳು ಯಾವಾಗ್ಲೂ ಇಷ್ಟೇ ಇದ್ಲು ಕಣಪ್ಪ.”